ಮೇಷ್ಟ್ರ ಮರಳುಗಾಡು

ಅಮೆರಿಕದ ಅರಿಜೋನಾದಲ್ಲಿ ಕ್ವಾರ್ಟ್ಸೈಟ್ ಅಂತ ಒಂದು ಊರು. ಬೇಸಿಗೆಯಲ್ಲಿ ಅಲ್ಲಿ ಹಲ್ಲಿಯೂ ನೆರಳು ಹುಡುಕುತ್ತದೆ. ಚಳಿಗಾಲ ಬಂತೆಂದರೆ ಉತ್ತರದ ಹಿಮಕ್ಕೆ ಬೆನ್ನು ತೋರಿಸಿದ ಪಿಂಚಣಿದಾರರು ಹೆಂಡತಿ, ನಾಯಿ ಸಮೇತ ಬಸ್ಸಿನಷ್ಟು ದೊಡ್ಡ ಮನೆಗಾಡಿಗಳಲ್ಲಿ ಬಂದು ಬಯಲ ತುಂಬ ಬೀಡು ಬಿಡುತ್ತಾರೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಸರ್ಕಾರಿ ಜಮೀನಿನಲ್ಲಿ ಠಿಕಾಣಿ ಹೂಡಲು ಬಹುಕಾಲದಿಂದ ಇದ್ದ ಶುಲ್ಕ 180 ಡಾಲರ್. 1983ರಿಂದ ಈ ಏರ್ಪಾಡು ನಡೆದುಬಂದಿದೆ. ಗಾಡಿಯೊಳಗೆ ಮಂಚ, ಫ್ರಿಜ್ಜು, ಕಮೋಡು, ಮೇಲೆ ಸೋಲಾರ್. ಕೇಳಿದರೆ, ಎಲ್ಲವನ್ನೂ ತ್ಯಜಿಸಿ ಬಂದಿದ್ದೇವೆ ಅನ್ನುತ್ತಾರೆ.

ಈ ವೈರಾಗ್ಯದ ವಿಡಿಯೋಗಳು ನಮ್ಮ ನಂಜನಗೂಡಿನ ಬಿಳಿಗೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಕಣ್ಣಿಗೆ ಬಿದ್ದವು. ಮಗ ಅಮೆರಿಕದಲ್ಲಿ. ಹೋಗುವಾಗ ಅಪ್ಪ ಅಮ್ಮನಿಗೆ ಜೊತೆಯಾಗಲೆಂದು ಒಂದು ಲ್ಯಾಬ್ರಡಾರ್ ನಾಯಿ ಬಿಟ್ಟುಹೋಗಿದ್ದಾನೆ. ಅಂದರೆ ಮುಕ್ಕಾಲು ಪಾಲು ಸಿದ್ಧತೆ ಆದಂತೆಯೇ, ಗಾಡಿಯೊಂದು ಬಾಕಿ. ಮೇಷ್ಟ್ರಮ್ಮ ಮಾತ್ರ ಒಪ್ಪಲಿಲ್ಲ. "ಮನೇಲಿ ನಲ್ಲಿ ನೀರು ಬತ್ತದ. ಅದ ಬುಟ್ಟು ಮರಳಲ್ಲಿ ಕೊಡ ಹಿಡ್ಕೊಂಡು ತಿರುಗದಾ? ನಿಮಗೇನಾಗದ?"

ಮರಳಿಗೇನೂ ಬರವಿಲ್ಲ. ತಿ. ನರಸೀಪುರ ದಾಟಿದರೆ ತಲಕಾಡು. ಅಲಮೇಲಮ್ಮನ ಶಾಪ ಅನ್ನಿ, ಕಾವೇರಿ ದಡದ ಗಾಳಿ ಅನ್ನಿ, ಗುಡಿಗಳನ್ನೇ ನುಂಗಿ ಕೂತಿರುವ ಮರಳು. ಅಲ್ಲಿ ಜನಜಾತ್ರೆ ನೆರೆಯುವ ಪಂಚಲಿಂಗ ದರ್ಶನ 2013ರಲ್ಲಿ ಆದ ಮೇಲೆ ಮತ್ತೊಂದು ಬಂದದ್ದು 2020ರಲ್ಲಿ; ನಡುವಿನ ವರ್ಷಗಳಲ್ಲಿ ಅಷ್ಟೂ ಜಾಗ ದಂಡವಾಯಿತಲ್ಲ ಎಂಬುದು ಮೇಷ್ಟ್ರ ಕೊರಗು. ಕೇರಳ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ಶುರುಮಾಡಿತು, ನಾವು ಹಿಂದೆ ಬಿದ್ದೆವು ಅಂತಲೂ ನಂಜನಗೂಡಿನ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ.

ಹಿಂದೆ ಬಿದ್ದೆವೇ? ಭತ್ತದ ಕುಯ್ಲು ಮುಗಿದ ಮೇಲೆ ನಾಲೆ ಬಯಲಿಗೆ ಬರುವ ಕುರಿಗಾಹಿಗಳನ್ನು ಮೇಷ್ಟ್ರು ಹುಟ್ಟಿದಾಗಿನಿಂದ ನೋಡಿದ್ದಾರೆ. ಗಂಡ, ಹೆಂಡತಿ, ನಾಯಿ. ಲೆಕ್ಕ ಕ್ವಾರ್ಟ್ಸೈಟಿನದೇ, ಮೇಲೊಂದು ಮಂದೆ. ಕೂಳೆ ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ಕೂಡುತ್ತಾರೆ. ಮೂರು ಕಲ್ಲಿನ ಒಲೆ, ಮಸಿ ಹಿಡಿದ ಪಾತ್ರೆಯಲ್ಲಿ ಹಿಟ್ಟು. ರಾತ್ರಿ ಈದ ಮರಿಗೆ ಕಂಬಳಿಯ ಒಂದು ಮಗ್ಗುಲು, ಕಂಬಳಿಯ ಒಡೆಯನಿಗೆ ಉಳಿದ ಮಗ್ಗುಲು. ಅಲ್ಲಿ ಮನೆಗಾಡಿಯವರು ತಮ್ಮ ಕಮೋಡಿನ ಟ್ಯಾಂಕು ಖಾಲಿ ಮಾಡಲು ಜಾಗ ಹುಡುಕಿಕೊಂಡು ಹೋಗಬೇಕು. ಇಲ್ಲಿ ಮಂದೆ ರಾತ್ರಿಯಿಡೀ ಗದ್ದೆಯಲ್ಲಿ ಹಾಕಿದ ಹಿಕ್ಕೆ, ಗಂಜಲಕ್ಕೆ ಗದ್ದೆಯವನೇ ದುಡ್ಡನ್ನೋ ದವಸವನ್ನೋ ಕೊಡುತ್ತಾನೆ. ಉಳಿದುಕೊಂಡದ್ದಕ್ಕೆ ಎದುರು ಬಾಡಿಗೆ ಪಡೆಯುವ ಈ ವಿದ್ಯೆ ಅಮೆರಿಕಕ್ಕೆ ಇನ್ನೂ ತಿಳಿದಿಲ್ಲ.

ನಾಯಿಗಳಲ್ಲೂ ವ್ಯತ್ಯಾಸವುಂಟು. 2022-23ರ ಚಳಿಗಾಲದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನೇ ಕೊಂದು, ಸಂಜೆಯಾದರೆ ಜನ ಬಾಗಿಲು ಹಾಕಿಕೊಳ್ಳುವಂತಾಗಿತ್ತು. ಮಂದೆಯ ನಾಯಿಗೆ ಬೆಲ್ಟಿಲ್ಲ, ಬಿಸ್ಕತ್ತಿಲ್ಲ. ಚಿರತೆಯ ವಾಸನೆ ಮಾತ್ರ ಗೊತ್ತು. ಮೇಷ್ಟ್ರ ಲ್ಯಾಬ್ರಡಾರ್ ಚಿರತೆ ಬಂದರೂ ಬಾಲ ಅಲ್ಲಾಡಿಸಿ ಒಳಗೆ ಕರೆದೀತು.

ಇಷ್ಟೆಲ್ಲ ಇದ್ದೂ ಕುರಿಗಾಹಿಯ ಬದುಕನ್ನು ಯಾರೂ ಚಳಿಗಾಲದ ವಿಹಾರ ಅನ್ನುವುದಿಲ್ಲ. ಯಾವೂರು, ಆಧಾರ್ ಎಲ್ಲಿ, ಕುರಿ ನಿನ್ನವೇ ಹೌದಾ ಅನ್ನುತ್ತಾರೆ. ಗೋಮಾಳಕ್ಕೆ ಕಾಲಿಟ್ಟರೆ ಗದರುತ್ತಾರೆ, ಕೆಲವು ಕಡೆ ಕೈಯನ್ನೂ ಮಾಡುತ್ತಾರೆ. ಕೊನೆಗೆ 2025ರಲ್ಲಿ ನಮ್ಮ ವಿಧಾನಮಂಡಲ ಅಲೆಮಾರಿ ಕುರಿಗಾಹಿಗಳ ಮೇಲಿನ ದೌರ್ಜನ್ಯ ತಡೆಯಲೆಂದೇ ಮಸೂದೆ ಅಂಗೀಕರಿಸಬೇಕಾಯಿತು. ಅಮೆರಿಕದಲ್ಲಿ ಬಯಲಲ್ಲಿ ಮಲಗಲು ಶುಲ್ಕ ಕಟ್ಟಿ ಗಾಡಿಗೆ ಅಂಟಿಸಿಕೊಂಡ ಸ್ಟಿಕ್ಕರ್ ಸಾಕು. ಇಲ್ಲಿ ಹೊಡೆಸಿಕೊಳ್ಳದೆ ಮಲಗಲು ಎರಡೂ ಸದನಗಳ ಒಪ್ಪಿಗೆ ಬೇಕು.

ಮೇಷ್ಟ್ರು ಸುಮ್ಮನೆ ಕೂತಿಲ್ಲ. ಪಂಚಾಯಿತಿಗೆ ಒಂದು ಅರ್ಜಿ ಬರೆದಿದ್ದಾರೆ. ಅಕ್ಷರ ಮುತ್ತಿನಂತಿದೆ, ವ್ಯಾಕರಣದಲ್ಲಿ ಒಂದೂ ತಪ್ಪಿಲ್ಲ. ಊರಾಚೆಯ ಗೋಮಾಳದಲ್ಲಿ ಹಿರಿಯ ನಾಗರಿಕರ ಮನೆಗಾಡಿಗಳಿಗೆ ನೀರು, ಕರೆಂಟು, ನಾಯಿ ಓಡಾಡಲು ಬಯಲು ಒದಗಿಸಬೇಕೆಂಬುದು ಮೊದಲ ಕೋರಿಕೆ. ಪ್ರತಿ ವರ್ಷ ಕುಯ್ಲಾದ ಮೇಲೆ ನಾಯಿಗಳೊಂದಿಗೆ ಬಂದು ಅದೇ ಜಾಗದಲ್ಲಿ ಬೀಡು ಬಿಡುವ ಅಪರಿಚಿತ ದಂಪತಿಗಳನ್ನು ಕೂಡಲೇ ತೆರವುಗೊಳಿಸಬೇಕೆಂಬುದು ಎರಡನೆಯದು.