ಪಾನುಂಗಲ್ ಐನೂರರ ಇ-ಶಾಸನಗಳು: ಒಂದು ಪ್ರಾಥಮಿಕ ಟಿಪ್ಪಣಿ

ಹಾನಗಲ್ಲ ಸೀಮೆ ಶಾಸನಗಳಿಗೆ ಹೆಸರಾದದ್ದು. ಊರನ್ನು ಪಾನುಂಗಲ್ ಎಂದೂ ಸುತ್ತಲ ನಾಡನ್ನು ಪಾನುಂಗಲ್ ಐನೂರು ಎಂದೂ ಕರೆದ ಕಲ್ಲುಗಳನ್ನು ವಿದ್ವಾಂಸರು ಎಂದೋ ಓದಿದ್ದಾರೆ. ಅವರ ಕಣ್ಣಿಗೆ ಬೀಳದ ಶಾಸನರಾಶಿಯೊಂದು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಕಾಲೇಜು ಅಧ್ಯಾಪಕರ ಮೊಬೈಲುಗಳಲ್ಲಿ, ‘ಡೌನ್‌ಲೋಡ್ಸ್’ ಎಂಬ ನೆಲಮಾಳಿಗೆಯಲ್ಲಿ ಹೂತುಹೋಗಿದೆ. ಕಾಲ: ಕ್ರಿ.ಶ. 2020. ಭಾಷೆ: ಇಂಗ್ಲಿಷ್. ಮಾಧ್ಯಮ: ಪಿಡಿಎಫ್. ಜನಬಳಕೆಯ ಹೆಸರು: ಇ-ಸರ್ಟಿಫಿಕೇಟ್.

ಅಧ್ಯಾಪಕರ ವೃತ್ತಿ ಅಭಿವೃದ್ಧಿಯ ಚರಿತ್ರೆಯಲ್ಲಿ ಮೊದಲನೆಯದು ಟಿ.ಎ. ಬಿಲ್ ಯುಗ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ರಿಫ್ರೆಶರ್ ಕೋರ್ಸ್ ಎಂದರೆ ಮೂರು ವಾರ ಮನೆ ಬಿಡಬೇಕು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಬೇಕು. ಅಲ್ಲಿ ಕೇಳಿದ ಉಪನ್ಯಾಸಕ್ಕಿಂತ ಚಹಾದ ಹೊತ್ತಿನ ಸ್ನೇಹವೇ ಹೆಚ್ಚು ಬಾಳಿಕೆ ಬಂತು ಎಂಬುದಕ್ಕೆ ಮೌಖಿಕ ಸಾಕ್ಷ್ಯ ಹೇರಳವಾಗಿದೆ.

ಎರಡನೆಯದು ಸ್ವಯಂ ಯುಗ. 2017ರ ಜುಲೈನಲ್ಲಿ ‘ಸ್ವಯಂ’ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಬಂತು, ಮರುವರ್ಷದ ನವೆಂಬರಿನಲ್ಲಿ ಅದರಲ್ಲೇ ಅಧ್ಯಾಪಕರಿಗೆಂದು ‘ಅರ್ಪಿತ್’ ತರಬೇತಿ. 40 ಗಂಟೆಯ ಪಾಠ, ಅರ್ಧ ವಿಡಿಯೊ, ಕೊನೆಗೊಂದು ಪರೀಕ್ಷೆ. ಪಾಸಾದರೆ ಬಡ್ತಿಯ ಲೆಕ್ಕಕ್ಕೆ ಒಂದು ರಿಫ್ರೆಶರ್ ಮಾಡಿದಂತೆ. ರೊಟ್ಟಿ ಗಂಟು ತಪ್ಪಿತು. ಚಹಾವೂ ತಪ್ಪಿತು.

ಮೂರನೆಯದೇ ಈ ಟಿಪ್ಪಣಿಯ ವಸ್ತುವಾದ ವೆಬಿನಾರ್ ಯುಗ. 2020ರ ಮಾರ್ಚ್ 25ರಂದು ದೇಶಕ್ಕೆ ಬೀಗ ಬಿತ್ತು. ಏಪ್ರಿಲ್, ಮೇ ಕಳೆಯುವಷ್ಟರಲ್ಲಿ ವೆಬಿನಾರ್ ನಡೆಸದ ಕಾಲೇಜೇ ಇಲ್ಲವೆಂಬಂತಾಯಿತು, ಎಲ್ಲವೂ ಕನಿಷ್ಠ ‘ರಾಷ್ಟ್ರೀಯ’. ಪುಕ್ಕಟೆ ಝೂಮ್‌ನಲ್ಲಿ ನೂರೇ ಜನಕ್ಕೆ ಜಾಗ. ಉಳಿದವರಿಗೆ ಯೂಟ್ಯೂಬ್ ನೇರಪ್ರಸಾರ. ಅಲ್ಲಿನ ಚಾಟ್‌ನಲ್ಲಿ ಮೊದಲು ‘ಗುಡ್ ಈವ್ನಿಂಗ್ ಫ್ರಮ್ ಹಾನಗಲ್’, ಆಮೇಲೆ ದೀರ್ಘ ಮೌನ, ಕಡೆಗೆ ‘ಫೀಡ್‌ಬ್ಯಾಕ್ ಲಿಂಕ್ ಯಾವಾಗ ಸರ್?’ ಉಪನ್ಯಾಸದ ವಿಷಯ ಏನೇ ಇರಲಿ, ಈ ಕ್ರಮ ತಪ್ಪಿದ್ದು ಕಂಡುಬಂದಿಲ್ಲ.

ಶಾಸನದ ರಚನೆ ಗಮನಾರ್ಹ. ಹಳೆಯ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು-ಕರು ಇದ್ದ ಜಾಗದಲ್ಲಿ ಇಲ್ಲಿ ಕಾಲೇಜಿನ ಲೋಗೊ, ನ್ಯಾಕ್ ಗ್ರೇಡು, ಐಕ್ಯೂಎಸಿ ಎಂಬ ಅಕ್ಷರಗಳಿವೆ. ನಡುವೆ ದಾನ ಪಡೆದವರ ಹೆಸರು, ಗೂಗಲ್ ಫಾರ್ಮ್‌ನಲ್ಲಿ ಒತ್ತಿದಂತೆಯೇ. ಅವಸರದಲ್ಲಿ ಕಾಲಂ ತಪ್ಪಿದವರಿಗೆ ಹೆಸರಿನ ಜಾಗದಲ್ಲಿ ಫೋನ್ ನಂಬರೇ ಅಚ್ಚಾಗಿ ಬಂದಿದೆ. ‘ಸಕ್ರಿಯವಾಗಿ ಭಾಗವಹಿಸಿದ್ದಾರೆ’ ಎಂಬ ಮಾತು ಎಲ್ಲದರಲ್ಲೂ ಸಮಾನ. ಸಕ್ರಿಯರಲ್ಲದವರಿಗೆ ಕೊಟ್ಟದ್ದೆಂದು ಹೇಳುವ ಶಾಸನ ಈವರೆಗೆ ಸಿಕ್ಕಿಲ್ಲ.

ಇಷ್ಟೆಲ್ಲ ಇದ್ದೂ, ಅದೇ ಹೊತ್ತಿಗೆ ಅಧ್ಯಾಪಕರು ಆನ್‌ಲೈನ್ ಪಾಠ ಹೇಳುವುದನ್ನು ಕಲಿತದ್ದು ಎಲ್ಲಿ ಎಂಬ ಪ್ರಶ್ನೆಗೆ ಈ ಆಕರಗಳು ಬಾಯಿ ಬಿಡುವುದಿಲ್ಲ. ಕ್ಷೇತ್ರಕಾರ್ಯವೇ ಗತಿ. ಕುರ್ಚಿಯ ಮೇಲೆ ಡಬ್ಬಿ, ಡಬ್ಬಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದ ಮೊಬೈಲು, ಎದುರಿಗೆ ಮಕ್ಕಳ ಕರಿಹಲಗೆ. ಇಂಥ ಒಂದು ತರಗತಿಯಲ್ಲಿ ಅಧ್ಯಾಪಕರು ಬೇಡಿಕೆ-ಪೂರೈಕೆಯ ರೇಖೆ ಎಳೆದು, ವಿವರಿಸಿ, ಬೆವರೊರೆಸಿಕೊಳ್ಳುವಾಗ ವಿದ್ಯಾರ್ಥಿನಿಯ ಫೋನ್ ಬಂತು: “ಸರ, ನಿಮ್ಮ ಮೈಕ್ ಬಂದ್ ಐತ್ರಿ. ಕೆಳಗ ಕೆಂಪಂದು ಕಾಣತೈತಲ್ರಿ, ಅದನ್ನ ಒತ್ರಿ.” ಅರ್ಧ ನಿಮಿಷದ ಈ ತರಬೇತಿಗೆ ಸರ್ಟಿಫಿಕೇಟ್ ಇಲ್ಲ, ಬಡ್ತಿಗಂತೂ ಲೆಕ್ಕವಿಲ್ಲ.

ಎರಡನೆಯ ಪಾಠ ಕಲಿಸಿದ್ದು ಗೋವಿನಜೋಳದ ಹೊಲ. ಕಾಲೇಜು ಮುಚ್ಚಿದ ಮೇಲೆ ಹುಡುಗರು ಎಡೆ ಹೊಡೆಯಲು ಹೋದರು. ನೆಟ್‌ವರ್ಕ್ ಸಿಗುವುದು ಮಾಳಿಗೆ ಹತ್ತಿದಾಗ, ಅದೂ ಸಂಜೆಗೆ. ಹೀಗಾಗಿ ಒಂದು ತಾಸಿನ ಉಪನ್ಯಾಸ ಐದೈದು ನಿಮಿಷದ ವಾಟ್ಸ್ಆ್ಯಪ್ ಧ್ವನಿ ಸಂದೇಶವಾಗಿ ತುಂಡಾಯಿತು. ಬೋಧನಾಶಾಸ್ತ್ರಜ್ಞರು ದೊಡ್ಡ ಹೆಸರಿಟ್ಟು ಬೋಧಿಸುವ ಈ ಉಪಾಯ, ಇಲ್ಲಿ ಡೇಟಾ ಉಳಿಸುವ ಹಂಚಿಕೆಯಾಗಿಯೇ ಹುಟ್ಟಿತು. ನವೆಂಬರ್ 17ಕ್ಕೆ ಪದವಿ ಕಾಲೇಜುಗಳ ಬಾಗಿಲು ತೆರೆದವು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆಂದು ರಾಜ್ಯದ ಕಲಿಕಾ ನಿರ್ವಹಣಾ ವ್ಯವಸ್ಥೆ, ಅರ್ಥಾತ್ ಎಲ್‌ಎಂಎಸ್, ಬಂದದ್ದು 2021ರ ಫೆಬ್ರುವರಿಯಲ್ಲಿ.

ಉಳಿದದ್ದು ಅತಿಥಿ ಉಪನ್ಯಾಸಕರ ಶಾಸನಗಳ ಸಮಸ್ಯೆ. ಬಡ್ತಿಯೇ ಇಲ್ಲದವರು ಬಡ್ತಿಗೆ ಬೇಕಾದ ದಾಖಲೆಯನ್ನು ಇಷ್ಟು ಶ್ರದ್ಧೆಯಿಂದ ಕೂಡಿಟ್ಟದ್ದೇಕೆ? 2021ರ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿ ಬೀದಿಗಿಳಿದರು. 2022ರ ಜನವರಿಯಲ್ಲಿ ಸರ್ಕಾರ ಗೌರವಧನವನ್ನು ಗರಿಷ್ಠ 32,000 ರೂಪಾಯಿಗೆ ಏರಿಸಿತು. ದರ್ಜೆ ನಿರ್ಧರಿಸಿದ್ದು ಎರಡೇ ಸಂಗತಿ: ಯುಜಿಸಿ ನಿಗದಿಪಡಿಸಿದ ವಿದ್ಯಾರ್ಹತೆ, ಐದು ವರ್ಷದ ಸೇವೆ. ವೆಬಿನಾರಿಗೆ ಅಲ್ಲಿ ಕಾಲಮ್ಮೇ ಇಲ್ಲ.

ಸಂರಕ್ಷಣೆಯ ಸ್ಥಿತಿ ಚಿಂತಾಜನಕ. ಮೊಬೈಲ್ ತುಂಬಿತೆಂಬ ಸೂಚನೆ ಬಂದಾಗಲೆಲ್ಲ ಮಗಳ ಹುಟ್ಟುಹಬ್ಬದ ವಿಡಿಯೊಗೆ ಜಾಗ ಬೇಕೆಂದು ಶಾಸನಗಳನ್ನು ಸಾಲುಸಾಲಾಗಿ ಅಳಿಸಲಾಗುತ್ತಿದೆ. ಕಲ್ಲಿನ ಶಾಸನಗಳು ದಾನ ಕೆಡಿಸಿದವರಿಗೆ ಕೊನೆಯ ಸಾಲಿನಲ್ಲಿ ಶಾಪ ಹಾಕುತ್ತಿದ್ದವು. ಇವುಗಳ ಕೊನೆಯ ಸಾಲಿನಲ್ಲಿರುವುದು ‘ಇದು ಕಂಪ್ಯೂಟರ್ ರಚಿತ, ಸಹಿ ಬೇಕಿಲ್ಲ’ ಎಂಬುದಷ್ಟೇ ಆದ್ದರಿಂದ, ಅಳಿಸಿದವರಿಗೆ ಪಾಪ ತಗಲುವುದಿಲ್ಲವೆಂದು ಸದ್ಯಕ್ಕೆ ತಿಳಿಯಬಹುದು.