ಕೋಚಿಗೊಬ್ಬ ಕೋಚು

ದುಡ್ಡು ಕೊಟ್ಟು ಪಾಠ ಹೇಳಿಸಿಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು ಜನ. ದುಡ್ಡು ಕೊಟ್ಟು ಪಾಠ ಹೇಳುವವರು ಅಪರೂಪ. ಅಂಥವರ ದರ್ಶನ ಬೇಕಾದರೆ ಭಾನುವಾರ ಬೆಳಿಗ್ಗೆ ಆರೂವರೆಗೆ ಬೆಂಗಳೂರಿನ ಯಾವುದಾದರೂ ಗಾಲ್ಫ್ ಡ್ರೈವಿಂಗ್ ರೇಂಜಿಗೆ ಹೋಗಬೇಕು. ಸಾಲಾಗಿ ಹಾಸಿದ ಹಸಿರು ಮ್ಯಾಟುಗಳ ಪೈಕಿ ಒಂದರ ಮೇಲೆ ಒಬ್ಬ ಹಿರಿಯರು ಕ್ಲಬ್ಬನ್ನು ಕಂಕುಳಲ್ಲಿ ಸಿಕ್ಕಿಸಿ, ಫೋನನ್ನು ಮುಂದೆ ಚಾಚಿ ನಿಂತಿರುತ್ತಾರೆ. ಎದುರಿಗೆ ಕೋಚ್ ಕೈಕಟ್ಟಿ ಕೇಳುತ್ತಿರುತ್ತಾರೆ. ಪಕ್ಕದಲ್ಲಿ ಬಕೆಟ್ ತುಂಬ ಚೆಂಡು, ತಂದಿಟ್ಟದ್ದು ತಂದಿಟ್ಟ ಹಾಗೇ. ಫೀಸು ಯಾರು ಯಾರಿಗೆ ಕೊಡುತ್ತಿದ್ದಾರೆ ಎಂಬುದು ಹೊಸಬರಿಗೆ ಹೊಳೆಯುವುದಿಲ್ಲ.

ಈ ಹಿರಿಯರನ್ನು ರಾಯರು ಎನ್ನೋಣ. ಪ್ರತಿ ರೇಂಜಿನಲ್ಲೂ ಒಬ್ಬರು ಇದ್ದೇ ಇರುವುದರಿಂದ ಸ್ವಂತ ಹೆಸರಿನ ಅಗತ್ಯ ಅವರಿಗಿಲ್ಲ. ನಿವೃತ್ತ ಎಂಜಿನಿಯರು. ಮಕ್ಕಳು ದೂರದೇಶದಲ್ಲಿ, ಸಕ್ಕರೆ ಹತೋಟಿಯಲ್ಲಿ, ಪಿಂಚಣಿ ಬ್ಯಾಂಕಿನಲ್ಲಿ. 1876ರಲ್ಲಿ ಹುಟ್ಟಿದ ಬೆಂಗಳೂರು ಗಾಲ್ಫ್ ಕ್ಲಬ್ಬಿಗೆ ಅವರು ಸದಸ್ಯರಲ್ಲ. ಅದರ ಬಗ್ಗೆ ಬೇಸರವೂ ಇಲ್ಲ. "ಮೊದಲು ಸ್ವಿಂಗ್ ಸರಿಹೋಗಲಿ, ಕೋರ್ಸು ಎಲ್ಲಿಗೆ ಓಡಿಹೋಗುತ್ತೆ?" ಎನ್ನುತ್ತಾರೆ. ಹದಿನೆಂಟು ಕುಳಿಗಳನ್ನು ಸುತ್ತಿ ಬರುವ ಆಟ ಅವರ ದೃಷ್ಟಿಯಲ್ಲಿ ಬರೀ ಪ್ರಾಕ್ಟಿಕಲ್ಸು. ಅವರಿಗೆ ಬೇಕಾದದ್ದು ಥಿಯರಿ.

ಥಿಯರಿಗೆ ಸಮಯ ಬ್ರಾಹ್ಮೀ ಮುಹೂರ್ತ. ಮನೆಯವರು ಏಳುವುದರೊಳಗೆ ಮೂರು ಯೂಟ್ಯೂಬ್ ಪಾಠ ಮುಗಿದಿರುತ್ತದೆ. ಆಮೇಲೆ ದಿನವಿಡೀ ಮನನ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬರೇ ಸಿಕ್ಕರೆ ಕನ್ನಡಿ ನೋಡಿಕೊಂಡು ಸೊಂಟ ತಿರುಗಿಸುತ್ತಾರೆ. ಬಾಗಿಲು ತೆರೆದಾಗ ಹೊರಗೆ ನಿಂತವರು ಮುಂದಿನ ಲಿಫ್ಟಿಗೆ ಕಾಯುತ್ತಾರೆ. ಆರತಕ್ಷತೆಯ ಸಾಲಿನಲ್ಲಿ ಕೈಯಲ್ಲಿದ್ದ ಕೊಡೆ ತಾನಾಗಿ ಸೆವೆನ್ ಐರನ್ ಕ್ಲಬ್ ಆಗುತ್ತದೆ. ಹಿಂದಿನವರು ಎರಡು ಹೆಜ್ಜೆ ಸರಿದು ಜಾಗ ಬಿಡುತ್ತಾರೆ. ವಧೂವರರ ಕೈಗೆ ಲಕೋಟೆ ಕೊಡುವಾಗಲೂ ಅವರ ಎಡಮೊಣಕೈ ನೆಟ್ಟಗೇ ಇರುತ್ತದೆ.

ಇನ್ನು ಕೋಚ್. ಹುಡುಗನಾಗಿದ್ದಾಗ ಕ್ಯಾಡಿಯಾಗಿ ಬ್ಯಾಗು ಹೊತ್ತವರು. ಸಾಹೇಬರು ಹೊಡೆದದ್ದನ್ನು ನೋಡಿ, ಅವರು ಬಿಸಾಕಿದ ಹಳೇ ಐರನ್ನಿನಲ್ಲಿ ಸಂಜೆ ಹೊಡೆದು ಕಲಿತವರು. ಹೀಗೆ ಕ್ಯಾಡಿಯಾಗಿ ಶುರುಮಾಡಿ 2009ರಲ್ಲಿ ಇಂಡಿಯನ್ ಓಪನ್ನನ್ನೇ ಗೆದ್ದ ಬೆಂಗಳೂರಿನ ಸಿ. ಮುನಿಯಪ್ಪನವರ ಹೆಸರು ಬಂದರೆ ನಮ್ಮ ಕೋಚ್ ಒಂದು ಕ್ಷಣ ಎದೆ ಸೆಟೆಸಿ ನಿಲ್ಲುತ್ತಾರೆ. ಉಳಿದಂತೆ ಮಿತಭಾಷಿ. ಅವರ ಬೋಧನಾ ಸಾಹಿತ್ಯವೆಲ್ಲ ಸೇರಿ ಐದು ವಾಕ್ಯ: ತಲೆ ಎತ್ತಬೇಡಿ ಸಾರ್. ಗಟ್ಟಿ ಹಿಡೀಬೇಡಿ ಸಾರ್. ಅವಸರ ಬೇಡ ಸಾರ್. ಇನ್ನೊಂದು ಹೊಡೀರಿ ಸಾರ್. ಪರ್ವಾಗಿಲ್ಲ ಸಾರ್.

ಐದು ವಾಕ್ಯದ ಮನುಷ್ಯನಿಗೆ ವಾರಕ್ಕೊಂದು ಸಿದ್ಧಾಂತ ಪರಿಚಯಿಸುವ ಹೊಣೆ ರಾಯರ ಹೆಗಲಿಗೆ ಬಿದ್ದಿದೆ.

"ಕೋಚ್, ನಾವು ಇಷ್ಟು ದಿನ ಮಾಡಿದ್ದೆಲ್ಲ ತಪ್ಪು," ಎಂದೇ ಆರಂಭ. "ನಾವು" ಎಂದರೆ ನೀವು ಎಂದು ಕೋಚಿಗೆ ಗೊತ್ತು. "ಕ್ಲಬ್ ಹಿಂದಕ್ಕೆ ಎತ್ತುವಾಗ ಭಾರ ಬಲಗಾಲಿಗೆ ಹೋಗಬೇಕು ಅಂತ ಹೇಳ್ಕೊಟ್ರಿ. ಹೋಗಬಾರದು! ಎಡಗಾಲಿನ ಮೇಲೇ ಇರಬೇಕು. ಸ್ಟ್ಯಾಕ್ ಅಂಡ್ ಟಿಲ್ಟ್! ಪ್ಲಮರ್, ಬೆನೆಟ್ ಅಂತ ಇಬ್ಬರು 2007ರಲ್ಲೇ ಗಾಲ್ಫ್ ಡೈಜೆಸ್ಟ್‌ನಲ್ಲಿ ಬರೆದುಬಿಟ್ಟಿದ್ದಾರೆ. ನಾವಿನ್ನೂ ಹಳೇ ಕಾಲದಲ್ಲಿದ್ದೀವಿ." ನಲವತ್ತು ನಿಮಿಷದ ವಿವರಣೆಯ ನಂತರ ಪ್ರಾತ್ಯಕ್ಷಿಕೆ. ಎಡಗಾಲಿನ ಮೇಲೆ ಭಾರ ಹೇರಿ, ಉಸಿರು ಬಿಗಿಹಿಡಿದು ರಾಯರು ಬೀಸುತ್ತಾರೆ. ಚೆಂಡು ಹೊರಟು, ಅರ್ಧ ದಾರಿಯಲ್ಲಿ ಏನೋ ನೆನಪಾದವರ ಹಾಗೆ ಬಲಕ್ಕೆ ತಿರುಗಿ ಬಲೆಗೆ ಬೀಳುತ್ತದೆ.

"ಪರ್ವಾಗಿಲ್ಲ ಸಾರ್," ಎನ್ನುತ್ತಾರೆ ಕೋಚ್.

ಮುಂದಿನ ವಾರ ಕೆನಡಾದ ಮೋ ನಾರ್ಮನ್. ಕಾಲು ಅಗಲಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ತೋಳೂ ಕ್ಲಬ್ಬೂ ಒಂದೇ ಗೆರೆಯಲ್ಲಿರುವಂತೆ ನಿಂತು, ಚೆಂಡಿನಿಂದ ಒಂದಡಿ ಹಿಂದೆ ಕ್ಲಬ್ ಇಟ್ಟು ಹೊಡೆಯುತ್ತಿದ್ದ ವಿಚಿತ್ರ ಆಟಗಾರ. ಗುಂಡು ಹಾರಿದಷ್ಟು ನೇರಕ್ಕೆ ಹೊಡೆಯುತ್ತಿದ್ದನೆಂದು ಗಾಲ್ಫ್ ಜಗತ್ತೇ ಒಪ್ಪಿದೆ. ಆತನಿಗೆ ಹೇಳಿದ್ದನ್ನೇ ಎರಡು ಸಲ ಹೇಳುವ ಅಭ್ಯಾಸವಿತ್ತು. ರಾಯರು ಶಿಷ್ಯತ್ವವನ್ನು ಅರ್ಧಕ್ಕೆ ನಿಲ್ಲಿಸುವವರಲ್ಲ. ಆ ತಿಂಗಳೆಲ್ಲ "ಒಂದೇ ಪ್ಲೇನು ಕೋಚ್, ಒಂದೇ ಪ್ಲೇನು" ಎಂದು ಎಲ್ಲವನ್ನೂ ಎರಡೆರಡು ಸಲ ಹೇಳಿದರು. ಚೆಂಡೂ ಎರಡೆರಡು ಸಲ ಬಲಕ್ಕೆ ಹೋಯಿತು.

ರಾಯರ ಕುಲದೇವರು ಮಾತ್ರ ಹೋಮರ್ ಕೆಲ್ಲಿ. ಬೋಯಿಂಗ್ ವಿಮಾನ ಕಂಪನಿಯಲ್ಲಿ ಕೆಲಸಕ್ಕಿದ್ದ ಈತ ಸ್ವಿಂಗನ್ನು 24 ಬಿಡಿಭಾಗಗಳಾಗಿ ಬಿಚ್ಚಿಟ್ಟು 1969ರಲ್ಲಿ 'ದಿ ಗಾಲ್ಫಿಂಗ್ ಮಷೀನ್' ಎಂಬ ಪುಸ್ತಕ ಬರೆದ. ಓದಿದವರು ಕಡಿಮೆ, ಅರ್ಥವಾದವರು ಇನ್ನೂ ಕಡಿಮೆ. ರಾಯರಿಗೆ ಅದೇ ರುಚಿ. ವೃತ್ತಿಪರ ಆಟಗಾರನಲ್ಲದ ಒಬ್ಬ ಲೆಕ್ಕದ ಮನುಷ್ಯ ಆಟಗಾರರಿಗೆಲ್ಲ ಪಾಠ ಹೇಳಿದನಲ್ಲ, ಹಾಗಾದರೆ ದಾರಿ ಉಂಟು! ಕೆಲ್ಲಿಯನ್ನು ಓದಿಕೊಂಡ ಬ್ರೈಸನ್ ಡಿಶಾಂಬೊ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಎಲ್ಲ ಐರನ್ನುಗಳನ್ನೂ ಒಂದೇ ಉದ್ದಕ್ಕೆ ಮಾಡಿಸಿಕೊಂಡು, 2020ರಲ್ಲೂ 2024ರಲ್ಲೂ ಯುಎಸ್ ಓಪನ್ ಗೆದ್ದ ಸುದ್ದಿ ತಿಳಿದ ಮೇಲಂತೂ ರಾಯರು ತಮ್ಮ ಬ್ಯಾಗನ್ನು ಕಾರಿಗೆ ಹಾಕಿಕೊಂಡು ಸೀದಾ ಪೀಣ್ಯಕ್ಕೆ ಹೊರಟರು.

ಅಲ್ಲಿ ಲೇತ್ ಮುಂದೆ ಕೂತ ಮೇಸ್ತ್ರಿ ಐರನ್ನುಗಳನ್ನು ತಿರುಗಿಸಿ ಮುರುಗಿಸಿ ನೋಡಿದ.

"ಎಲ್ಲಾ ಒಂದೇ ಸೈಜು ಮಾಡ್ಬೇಕು," ಎಂದರು ರಾಯರು.

"ಉದ್ದ ಇರೋದನ್ನ ಕಟ್ ಮಾಡ್ಬೋದು ಸಾರ್. ಗಿಡ್ಡ ಇರೋದನ್ನ ಏನ್ಮಾಡದು?"

"ಪೈಪ್ ಹಾಕಿ ಎಳೀರಿ."

"ಆಯ್ತು. ಏನ್ ಕೆಲ್ಸಕ್ಕೆ ಸಾರ್ ಇದು, ತೆಂಗಿನಕಾಯಿ ಕೀಳೋಕಾ?"

ಗಾಲ್ಫ್ ಎಂದರೇನೆಂದು ಮೇಸ್ತ್ರಿಗೂ ಅರ್ಧ ಗಂಟೆ ಪಾಠವಾಯಿತು. ಐರನ್ನುಗಳೆಲ್ಲ ಸರಿಸಮನಾದವು. ಆ ಭಾನುವಾರ ಫೋರ್ ಐರನ್ನಿನಿಂದ ಹೊಡೆದರೂ ನೈನ್ ಐರನ್ನಿನಿಂದ ಹೊಡೆದರೂ ಚೆಂಡು ಬಲಕ್ಕೇ ಹೋಗಿ ಸಮಾನತೆಯನ್ನು ಎತ್ತಿಹಿಡಿಯಿತು. ಬೇರೆಲ್ಲ ವಿಷಯದಲ್ಲೂ ಕಚ್ಚಾಡುವ ಸ್ವಿಂಗ್ ಪಂಥಗಳು ರಾಯರ ಕೈಯಲ್ಲಿ ಈ ಒಂದಕ್ಕೆ ಮಾತ್ರ ಒಮ್ಮತಕ್ಕೆ ಬಂದಿವೆ.

ಕ್ಲಬ್ಬಿನ ಮುಖ ಚೆಂಡಿಗೆ ತಾಗಿಕೊಂಡಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು. ಆ ಪಾಲಿಗಾಗಿ ಇಷ್ಟು ವಾರಗಳ ಭಾಷಣವೇ ಎಂದು ಕೇಳಿದರೆ, ಅಷ್ಟು ಚಿಕ್ಕದಾಗಿರುವುದಕ್ಕೇ ವಿವರಣೆ ಜಾಸ್ತಿ ಬೇಕು ಎಂಬುದು ರಾಯರ ವಾದ.

ಇಷ್ಟಾದರೂ ಕೋಚ್ ಒಮ್ಮೆಯೂ ಬೇಸರಿಸಿಕೊಂಡದ್ದಿಲ್ಲ. ಬೇಸರವಾದದ್ದು ರಾಯರಿಗೆ, ಅದೂ ಕೋಚ್ ಒಪ್ಪಿಕೊಂಡದ್ದಕ್ಕೆ.

ಆ ದಿನ ರಾಯರು ತಮ್ಮ ಅತಿ ದೊಡ್ಡ ಅಸ್ತ್ರವನ್ನು ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡ್ ಹಾಕಿಸಿ ತಂದಿದ್ದರು. ಚೆಂಡು ಮೊದಲು ಹೊರಡುವ ದಿಕ್ಕನ್ನು ಬಹುಪಾಲು ತೀರ್ಮಾನಿಸುವುದು ಕ್ಲಬ್ ಬೀಸಿದ ಹಾದಿಯಲ್ಲ, ತಗಲುವ ಗಳಿಗೆಯಲ್ಲಿ ಅದರ ಮುಖ ಎತ್ತ ನೋಡುತ್ತಿದೆ ಎಂಬುದು. ಹಳೆಯ ಬೋಧನಾ ಪುಸ್ತಕಗಳು ಹಾದಿಯೇ ಮುಖ್ಯ ಎನ್ನುತ್ತಿದ್ದವು. ಚೆಂಡನ್ನೂ ಕ್ಲಬ್ಬನ್ನೂ ಅಳೆಯುವ ರಾಡಾರ್ ಯಂತ್ರಗಳು ಬಂದ ಮೇಲೆ ಪಾಠ ತಿದ್ದಬೇಕಾಯಿತು. ಹಳೇ ಕಾಲದ ಕೋಚನ್ನು ಬೇರುಸಹಿತ ಅಲುಗಾಡಿಸುವ ವಿಷಯ ಇದಕ್ಕಿಂತ ಬೇಕೆ? ರಾಯರು ಬಿಲ್ಲು ಹೆದೆಯೇರಿಸಿ ಬಿಟ್ಟರು.

"ಹೌದು ಸಾರ್," ಎಂದರು ಕೋಚ್. "ಮುಖ ಎತ್ತ ನೋಡ್ತದೋ ಬಾಲ್ ಅತ್ತ ಹೊಂಟೋಯ್ತದೆ. ಬ್ಯಾಗ್ ಹೊರ್ತಿದ್ದಾಗ್ಲೇ ನೋಡಿದೀನಿ. ಬಾಲ್ ಹುಡುಕ್ಬೇಕಾದೋರು ನಾವೇ ಅಲ್ವಾ?"

ರಾಯರ ಮುಖ ಸಣ್ಣದಾಯಿತು. ಪುಸ್ತಕ ಮಡಿಸಿದರು. ಅವತ್ತು ಒಂದೂ ಚೆಂಡು ಹೊಡೆಯದೆ, ಕಾಫಿಯನ್ನೂ ಕುಡಿಯದೆ ಮನೆಗೆ ಹೋದರು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ.

ಕೋಚಿಗೆ ವಿಷಯ ತಿಳಿದದ್ದು ಆಗ. ರಾಯರಿಗೆ ಬೇಕಾದದ್ದು ನೇರ ಚೆಂಡಲ್ಲ, ಒಪ್ಪಿಗೆಯೂ ಅಲ್ಲ; ಒಪ್ಪದೆ ಇದ್ದು ಆಮೇಲೆ ಒಪ್ಪುವ ಒಬ್ಬ ಮನುಷ್ಯ. ಮತಾಂತರ ಮಾಡಲು ಬಂದವರಿಗೆ ಎದುರಿನವರು ಮೊದಲೇ ಅದೇ ಮತದವರೆಂದು ಗೊತ್ತಾದರೆ ಆಗುವ ನಷ್ಟ ಸಣ್ಣದಲ್ಲ.

ಮೂರನೆಯ ವಾರ ರಾಯರು ತಿರುಗಿ ಬಂದಾಗ ಕೋಚ್ ಸಜ್ಜಾಗಿದ್ದರು. ಹೊಸ ವಿಧಾನದ ಮೊದಲ ವಾಕ್ಯ ಕೇಳಿದ್ದೇ ತಲೆಯಾಡಿಸಿ, "ಹಂಗೆಲ್ಲ ಆಗಲ್ಲ ಬಿಡಿ ಸಾರ್," ಎಂದರು.

ರಾಯರ ಕಣ್ಣು ಹೊಳೆಯಿತು. "ಯಾಕಾಗಲ್ಲ?"

"ಮೆಥಡ್ಡು ಗಿಥಡ್ಡು ಏನಿಲ್ಲ ಸಾರ್. ಆ ಜಿಮ್ ಫ್ಯೂರಿಕ್ ಕ್ಲಬ್ಬನ್ನ ಮೇಲೆ ಸುತ್ತಿಸಿ ಸುತ್ತಿಸಿ ಇಳಿಸ್ತಾರೆ, ಯಾವ್ ಪುಸ್ತಕದಲ್ಲೂ ಇಲ್ದೇ ಇರೋ ಸ್ವಿಂಗು. 2016ರಲ್ಲಿ ಒಂದು ರೌಂಡ್ ಪೂರ್ತಿ 58 ಹೊಡೆತಕ್ಕೆ ಮುಗಿಸಿಲ್ವಾ?"

"ಅಲ್ಲೇ ನೀವು ಎಡವೋದು, ಕೋಚ್!" ಎಂದರು ರಾಯರು. ಬಂದಾಗ ಬಾಗಿದ್ದ ಬೆನ್ನು ನೆಟ್ಟಗಾಗಿತ್ತು. ಮುಂದಿನ ಅರ್ಧ ಗಂಟೆ ಅಕ್ಕಪಕ್ಕದ ಮ್ಯಾಟಿನವರೂ ಹೊಡೆಯುವುದನ್ನು ನಿಲ್ಲಿಸಿ ಕೇಳಿದರು. ಕೊನೆಗೆ ಕೋಚ್ ಸ್ವಲ್ಪ ಸ್ವಲ್ಪವಾಗಿ ಸೋತು, ಕುತ್ತಿಗೆ ಕೆರೆದುಕೊಂಡು, "ಇರ್ಬೋದು ಸಾರ್... ನಾನು ಆ ತರ ಯೋಚ್ನೆ ಮಾಡಿರ್ಲಿಲ್ಲ," ಎಂದರು.

ಸೋಲುವ ಗಳಿಗೆಯಲ್ಲೇ ಅವರ ಕಸುಬು ಇರುವುದು. "ಆದ್ರೆ ಸಾರ್, ನಿಮ್ಮ ಈ ಮೆಥಡ್‌ನಲ್ಲಿ ಎಡಗೈ ಒಸಿ ಬಲಕ್ಕೆ ತಿರುಗಿಸಿ ಹಿಡೀಬೇಕಲ್ವಾ? ಮೇಲಿಂದ ನೋಡಿದ್ರೆ ಎರಡು ಗೆಣ್ಣು ಕಾಣ್ಬೇಕು. ವಿಡಿಯೋದಲ್ಲಿ ಹಂಗೇ ಇತ್ತಲ್ವಾ?"

"ಅದನ್ನೇ ಅಲ್ವೇ ನಾನು ಹೇಳ್ತಿರೋದು!"

ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ನುಂಗಿಸಿದಂತೆ ಹಿಡಿತ ಸರಿಹೋಯಿತು. ಬೀಸಿದರು. ಚೆಂಡು ನೂರೈವತ್ತು ಗಜದ ಬೋರ್ಡಿನ ಕಡೆಗೆ ಎತ್ತಲೂ ನೋಡದೆ ಹೋಯಿತು. ರಾಯರು ಕೋಚಿನ ಕಡೆ ತಿರುಗಿ, "ನೋಡಿದ್ರಾ? ಈಗಲಾದ್ರೂ ನಂಬ್ತೀರಾ?" ಎಂದರು. ಕೋಚ್ ನಂಬಿದರು. ಹೊಸ ಭಾನುವಾರಕ್ಕೆ ಹೊಸ ವಿಧಾನ ಬರುತ್ತದೆ, ಹಿಡಿತ ಹಳೇ ಜಾಗಕ್ಕೆ ಜಾರುತ್ತದೆ, ಕೋಚ್ ಮತ್ತೆ ಮೊದಲಿನಿಂದ ಅಪನಂಬಿಕೆ ತೋರಿಸುತ್ತಾರೆ. ವ್ಯವಹಾರ ಸೊಗಸಾಗಿ ನಡೆದಿದೆ. ದಸರಾಕ್ಕೆ ಕೋಚಿಗೆ ಒಂದು ಡಬ್ಬ ಮೈಸೂರುಪಾಕೂ ಬಂತು. ಜೊತೆಗೆ ಅದನ್ನು ಯಾವ ಹದದಲ್ಲಿ ಇಳಿಸಬೇಕೆಂಬ ವಿವರಣೆಯೂ ಬಂತು.

ಒಮ್ಮೆ ಕೋಚ್ ಊರಹಬ್ಬಕ್ಕೆ ರಜ ಹಾಕಿದರು. ಅವರ ಬದಲಿಗೆ ನಿಂತದ್ದು ಹೊಸ ಹುಡುಗ. ಓದಿದವನು, ಸರ್ಟಿಫಿಕೇಟ್ ಪಡೆದವನು. ರಾಯರು ನೋಡುವ ವಿಡಿಯೋಗಳನ್ನೆಲ್ಲ ತಾನೂ ನೋಡಿದವನು. ರಾಯರು ಪ್ಲಮರ್ ಎಂದರೆ ಬೆನೆಟ್ ಎಂದ. ಕೆಲ್ಲಿ ಎಂದರೆ 24 ಎಂದ. "ಕರೆಕ್ಟ್ ಸಾರ್, ನೀವು ಹೇಳೋದು ನೂರಕ್ಕೆ ನೂರು ಸರಿ," ಎಂದು ಪ್ರತಿ ವಾಕ್ಯಕ್ಕೂ ಮುದ್ರೆ ಒತ್ತಿದ. ಹತ್ತು ನಿಮಿಷದೊಳಗೆ ರಾಯರು ಬ್ಯಾಗು ಎತ್ತಿಕೊಂಡು ಕೌಂಟರಿಗೆ ಬಂದರು.

"ನಮ್ಮ ಕೋಚ್ ಯಾವಾಗ ಬರ್ತಾರಪ್ಪಾ?"

"ಬುಧವಾರ ಸಾರ್. ಯಾಕೆ, ಈ ಹುಡುಗನೂ ಚೆನ್ನಾಗೇ ಕಲಿಸ್ತಾನಲ್ಲ?"

"ಎಲ್ಲಿ ಬಂತು!" ಎಂದು ರಾಯರು ದನಿ ತಗ್ಗಿಸಿದರು. "ಏನೂ ಗೊತ್ತಿಲ್ಲ ಪಾಪ. ನಾನು ಹೇಳಿದ್ದಕ್ಕೆಲ್ಲ ಹೌದು ಅಂತಾನೆ."