ಗಡ್ಡೆಗೆ ಶುಗರ್

ಆಲೂಗಡ್ಡೆಯ ತೂಕದಲ್ಲಿ ಐದಕ್ಕೆ ನಾಲ್ಕು ಪಾಲು ಬರೀ ನೀರು. ಬೆಲೆ ಬಿದ್ದಾಗ ಅದು ಕೋಲ್ಡ್ ಸ್ಟೋರೇಜ್ ಸೇರುತ್ತದೆ, ಎದ್ದಾಗ ಹೊರಬರುತ್ತದೆ. ಒಳಗೆ ಏನಾಯಿತೆಂದು ಹೇಳುವುದು ಬಾಣಲೆ. ಅತ್ತಿಬೆಲೆಯ ರಸ್ತೆಬದಿಯ ಹಾಟ್ ಚಿಪ್ಸ್ ಅಂಗಡಿಗೆ ಮುನಿಯಪ್ಪ ಹತ್ತು ಮೂಟೆ ಇಳಿಸಿದ ದಿನ, ಅಂಗಡಿಯ ರಾಜು ಕರಿದ ಮೊದಲ ಒಬ್ಬೆಯೇ ಕಾಫಿಪುಡಿ ಬಣ್ಣಕ್ಕೆ ತಿರುಗಿತು.

ರಾಜು: ಅಣ್ಣಾ, ಗಡ್ಡೆಗೆ ಶುಗರ್ ಬಂದೈತೆ.

ಮುನಿಯಪ್ಪ: ಶುಗರ್ ಇರೋದು ನಂಗೆ ಕಣ್ಲಾ!

ರಾಜು: ಚಳೀಲಿ ಎಷ್ಟು ದಿನ ಮಡಗಿದ್ರಿ?

ಮುನಿಯಪ್ಪ: ಮೂರು ತಿಂಗ್ಳು. ನೋಡು, ಒಂದು ಮೊಳಕೆ ಇಲ್ಲ, ಸುಕ್ಕಿಲ್ಲ. ಮದುವೆ ಗಂಡಿನಂಗದೆ.

ಗಂಡಿನ ಗುಟ್ಟು ಒಳಗಿತ್ತು. 2ರಿಂದ 4 ಡಿಗ್ರಿ ಸೆಲ್ಸಿಯಸ್ ಚಳಿಗೆ ಮೊಳಕೆ ನಿಲ್ಲುತ್ತದೆ, ಜೊತೆಗೆ ಪಿಷ್ಟವೂ ಒಡೆದು ಸಕ್ಕರೆಯಾಗುತ್ತದೆ. ಸಾಗು, ಪಲ್ಯಕ್ಕೆ ಅಡ್ಡಿಯಿಲ್ಲ. ಕಾದ ಎಣ್ಣೆಯಲ್ಲಿ ಮಾತ್ರ ಆ ಸಕ್ಕರೆ ಅಮೈನೋ ಆಮ್ಲಗಳೊಡನೆ ಕೂಡಿ ಕಪ್ಪಾಗುತ್ತದೆ, ಕಹಿಯಾಗುತ್ತದೆ. ಚಿಪ್ಸ್ ಗಡ್ಡೆಯನ್ನು 10ರಿಂದ 12 ಡಿಗ್ರಿಯಲ್ಲಿ, ಮೊಳಕೆ ತಡೆಯುವ ಔಷಧಿಯ ಹೊಗೆ ಕೊಟ್ಟು ಇಡುವುದು ಇದಕ್ಕೇ. ತಳಿಯೂ ಬೇರೆ: ಹಾಸನದ ಹೊಲಗಳ ಕುಫ್ರಿ ಜ್ಯೋತಿ ಅಡುಗೆಮನೆಯದು, 1998ರಲ್ಲಿ ಬಿಡುಗಡೆಯಾದ ಕುಫ್ರಿ ಚಿಪ್ಸೋನಾ-1 ಬಾಣಲೆಯದು.

ಮುನಿಯಪ್ಪ: ಈಗೇನು, ಗಡ್ಡೆಗೂ ಇನ್ಸುಲಿನ್ ಚುಚ್ಚಲಾ?

ರಾಜು: ಎರಡು-ಮೂರು ವಾರ ಕತ್ತಲೆ ಕೋಣೇಲಿ, ಚಳಿ ಇಲ್ದಂಗೆ ಹರಡಿ. ಒಂದಷ್ಟು ಇಳೀತದೆ. ಬಿಸಿಲಿಗೆ ಬ್ಯಾಡ, ಹಸಿರಾಗಿ ವಿಷ ಏರ್ತದೆ.

ಮುನಿಯಪ್ಪ: ಸಾಲ ಕೊಟ್ಟೋನು ಮೂರು ವಾರ ಕಾಯ್ತಾನಾ?

ರಾಜು: ಹಂಗಾದ್ರೆ ಸಂಡಿಗೆ ಮಾಡ್ಸಿ. ತೆಳ್ಳಗೆ ಹೆಚ್ಚಿ ಉಪ್ಪುನೀರಲ್ಲಿ ಅರೆಬೇಯಿಸಿದ್ರೆ ಸಕ್ಕರೆ ನೀರಿಗೆ ಬಿಟ್ಕೊಳ್ತದೆ. ಬಸಿದು ಬಿಸಿಲಿಗೆ ಹರಡಿ.

ಮುನಿಯಪ್ಪ: ಬಿಸಿಲು ಬ್ಯಾಡ ಅಂದೋನು ನೀನೇ ತಾನೆ?

ರಾಜು: ಹಸಿ ಗಡ್ಡೆಗೆ ಬ್ಯಾಡ. ಬೆಂದದ್ದಕ್ಕೆ ಇನ್ನೇನು ಆಗೋದೈತೆ?

ಒಣಗಿದ ಬಿಲ್ಲೆ ಬಾಗದೆ ಪಟ್ಟನೆ ಮುರಿಯಬೇಕು; ಬಾಗಿದರೆ ಡಬ್ಬಿಯಲ್ಲೇ ಬೂಷ್ಟು. ಆಂಡಿಸ್ ಬೆಟ್ಟದವರು ಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಬಿಟ್ಟು, ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಲ್ಲಿ ಒಣಗಿಸಿ ‘ಚುನ್ಯೊ’ ಮಾಡುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಅತ್ತಿಬೆಲೆಯಲ್ಲಿ ಹಿಮವಿಲ್ಲ, ತಾರಸಿಗಳಿವೆ.

ಮುನಿಯಪ್ಪ: ಐವತ್ತು ಕಿಲೋ ಮೂಟೆಗೆ ಎಷ್ಟು ಬರ್ತದೆ?

ರಾಜು: ಸಿಪ್ಪೆ ಹೋಗಿ ಹತ್ತು ಕಿಲೋ ಸಿಕ್ಕರೆ ನಿಮ್ಮ ಪುಣ್ಯ.

ಮುನಿಯಪ್ಪ: ಮಿಕ್ಕಿದ್ದು?

ರಾಜು: ನೀರು.

ಮುನಿಯಪ್ಪ ಮೂಟೆಗಳ ಮೇಲೆ ಬೆರಳಾಡಿಸಿ ಎಣಿಸಿದ.

ಮುನಿಯಪ್ಪ: ಅಲ್ಲಿಗೆ ನಾನ್ನೂರು ಲೀಟರ್ ನೀರಿಗೆ ಮೂರು ತಿಂಗ್ಳು ಬಾಡಿಗೆ ಕಟ್ಟಿ, ಟೋಲ್ ಕೊಟ್ಟು ತಂದಿವ್ನಿ. ಟ್ಯಾಂಕರ್‌ನೋನು ಇದಕ್ಕಿಂತ ಅಗ್ಗಕ್ಕೆ ಮನೆ ಬಾಗ್ಲಿಗೇ ಬಿಡ್ತಿದ್ದ ಕಣ್ಲಾ.